ಮಂದ ಬೆಳಕಿನ ಛಾಯಾಚಿತ್ರಗಳ ಸಂಸ್ಕರಣೆ: ನಾಯ್ಸ್ ನಿವಾರಣೆ ಮತ್ತು ಶಾರ್ಪನಿಂಗ್

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ವಿಷಯದ ಹೆಸರನ್ನು ಕೇಳಿದೊಡನೆ, ಇದು ಮದುವೆಮನೆಯ ಛಾಯಾಗ್ರಾಹಕರಿಗೆ ಸಂಬಂಧಿಸಿದ್ದಲ್ಲವೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ನಮ್ಮ ಕಡತಗಳನ್ನೇ ಒಮ್ಮೆ ತೆರೆದು ನೋಡಿ. ಕಾಮಗಾರಿಯ ಮುನ್ನ ಒಂದು ಚಿತ್ರ, ನಡುವೆ ಒಂದು, ಮುಗಿದ ಮೇಲೆ ಒಂದು. ಸಂಜೆಗೆ ಜಾರಿದ ಗ್ರಾಮ ಸಭೆ, ಮಳೆಗಾಲದ ಮುಸ್ಸಂಜೆಯಲ್ಲಿ ಕುಸಿದ ಮೋರಿ, ನೀರಿನ ತೊಟ್ಟಿಯ ಒಳಗೋಡೆ, ಕೆಟ್ಟು ನಿಂತ ಬೀದಿದೀಪ ಇವೆಲ್ಲವೂ ಬೆಳಕು ಸಾಲದ ಕಡೆ ತೆಗೆದ ಚಿತ್ರಗಳು. ಕಡತಕ್ಕೆ ಸೇರುವ ಮೊದಲು ಇವುಗಳನ್ನು ಯಾರಾದರೊಬ್ಬರು ಮೊಬೈಲಿನಲ್ಲಿಯೋ ಗಣಕಯಂತ್ರದಲ್ಲಿಯೋ ‘ಚೆಂದಗೊಳಿಸುತ್ತಾರೆ’. ಆ ಚೆಂದಗೊಳಿಸುವಿಕೆಯಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಚಿತ್ರವನ್ನು ಸಾಕ್ಷ್ಯವೆಂದು ಒಪ್ಪಿ ಠರಾವು ಮಾಡುವ ಸದಸ್ಯರು ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ನಾಯ್ಸ್ ಎಂದರೇನೆಂದು ನೋಡೋಣ. ಮಂದ ಬೆಳಕಿನ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ರವೆ ಚೆಲ್ಲಿದಂತೆ ಕಾಣುವ ಚುಕ್ಕೆಗಳೇ ನಾಯ್ಸ್. ಕ್ಯಾಮೆರಾದ ಸಂವೇದಕವನ್ನು ಅಂಗಳದಲ್ಲಿ ಸಾಲಾಗಿ ಇಟ್ಟ ಲಕ್ಷಾಂತರ ಲೋಟಗಳೆಂದು ಭಾವಿಸಿ. ಬೆಳಕು ಮಳೆಯ ಹನಿಗಳಂತೆ ಬಿಡಿಬಿಡಿಯಾಗಿ ಬೀಳುತ್ತದೆ. ಜಡಿಮಳೆಯಲ್ಲಿ ಲೋಟವೊಂದಕ್ಕೆ ಸರಾಸರಿ 10,000 ಹನಿ ಬಿದ್ದರೆ, ಲೋಟದಿಂದ ಲೋಟಕ್ಕೆ ಕಾಣುವ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ ಸುಮಾರು 100 ಹನಿ. ಅದು ಶೇಕಡ 1 ಮಾತ್ರ. ತುಂತುರು ಮಳೆಯಲ್ಲಿ ಸರಾಸರಿ 100 ಹನಿ ಬಿದ್ದರೆ ಏರುಪೇರು 10 ಹನಿ. ಅದು ಶೇಕಡ 10. ಒಂದೇ ಬಣ್ಣದ ಗೋಡೆ ರವೆರವೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಇದೇ. ಇದರ ಮೇಲೆ ವಿದ್ಯುನ್ಮಂಡಲದ ಸ್ವಂತ ಏರುಪೇರೂ ಒಂದಿಷ್ಟು ಸೇರುತ್ತದೆ.

ಐಎಸ್‌ಒ ಸಂಖ್ಯೆಯು ಧ್ವನಿವರ್ಧಕದ ಗುಂಡಿಯಿದ್ದಂತೆ. ಮೆಲುದನಿಯನ್ನು ದೊಡ್ಡದು ಮಾಡಿದಾಗ ಗೊರಗೊರ ಸದ್ದೂ ದೊಡ್ಡದಾಗುತ್ತದೆ. ಐಎಸ್‌ಒ 100ರಿಂದ 6400ಕ್ಕೆ ಏರಿದಾಗ ಕ್ಯಾಮೆರಾ 64ನೆಯ ಒಂದು ಪಾಲು ಬೆಳಕಿನಿಂದ ಅಷ್ಟೇ ಹೊಳಪಿನ ಚಿತ್ರವನ್ನು ಕೊಡಬೇಕಾಗುತ್ತದೆ. ಏರುಪೇರಿನ ಪ್ರಮಾಣ ಸುಮಾರು 8 ಪಟ್ಟು ಹೆಚ್ಚುತ್ತದೆ. ಆದ್ದರಿಂದ ದೋಷ ಐಎಸ್‌ಒ ಗುಂಡಿಯದ್ದಲ್ಲ, ಬೆಳಕಿನ ಕೊರತೆಯದ್ದು. ಕಡಿಮೆ ಐಎಸ್‌ಒದಲ್ಲಿ ಕತ್ತಲೆಯಾಗಿ ತೆಗೆದು ಅನಂತರ ಗಣಕಯಂತ್ರದಲ್ಲಿ ಹೊಳಪು ಏರಿಸಿದರೆ ನಾಯ್ಸ್ ತಪ್ಪುತ್ತದೆಂಬುದು ಭ್ರಮೆ. ಅನೇಕ ವೇಳೆ ಅದರಿಂದ ಚಿತ್ರ ಇನ್ನೂ ಕೆಡುತ್ತದೆ.

ನಾಯ್ಸ್‌ನಲ್ಲಿ ಎರಡು ಬಗೆ. ಒಂದು, ಬಣ್ಣದ ನಾಯ್ಸ್: ಕಪ್ಪು ನೆರಳಿನಲ್ಲಿ ಕೆಂಪು, ಹಸಿರು, ನೇರಳೆ ಚುಕ್ಕೆಗಳು. ಇನ್ನೊಂದು, ಹೊಳಪಿನ ನಾಯ್ಸ್: ಬಣ್ಣವಿಲ್ಲದ ತಿಳಿ ಮತ್ತು ಗಾಢ ರವೆ. ನಮ್ಮ ಕಣ್ಣು ಬಣ್ಣದ ಸೂಕ್ಷ್ಮ ವಿವರಗಳನ್ನು ಅಷ್ಟಾಗಿ ಗುರುತಿಸುವುದಿಲ್ಲ. ಹೊಳಪಿನ ವಿವರಗಳನ್ನೇ ಗುರುತಿಸುತ್ತದೆ. ಹೀಗಾಗಿ ಬಣ್ಣದ ನಾಯ್ಸನ್ನು ಧಾರಾಳವಾಗಿ ಒರೆಸಬಹುದು. ಸೀರೆಯ ಸಪೂರ ಅಂಚಿನ ಕೆಂಪು ಪಕ್ಕಕ್ಕೆ ಹರಡದಂತೆ ನೋಡಿಕೊಂಡರೆ ಸಾಕು. ಹೊಳಪಿನ ನಾಯ್ಸನ್ನು ಮಾತ್ರ ಅಂಜುತ್ತ ಮುಟ್ಟಬೇಕು, ಏಕೆಂದರೆ ವಿವರವೂ ಅಲ್ಲಿಯೇ ಇದೆ. ಲೈಟ್‌ರೂಮ್ ತಂತ್ರಾಂಶವು ರಾ ಕಡತವೊಂದನ್ನು ತೆರೆಯುವಾಗ ಬಣ್ಣದ ನಾಯ್ಸ್ ನಿವಾರಣೆಯನ್ನು 25ರಲ್ಲಿ ಇರಿಸಿ, ಹೊಳಪಿನದನ್ನು ಸೊನ್ನೆಯಲ್ಲಿಯೇ ಬಿಡುವುದು ಅದರ ಮೂಲ ಏರ್ಪಾಡು. ಅದನ್ನು ರೂಪಿಸಿದವರ ಎಚ್ಚರಿಕೆ ಅದರಲ್ಲಿಯೇ ಇದೆ.

ಈಗ ಶಾರ್ಪನಿಂಗ್. ಅಂಚುಗಳನ್ನು ಮೊನಚುಗೊಳಿಸುವ ಈ ಕ್ರಿಯೆ ಚಿತ್ರಕ್ಕೆ ಹೊಸ ವಿವರವನ್ನು ಸೇರಿಸುವುದಿಲ್ಲ. ಅಂಚಿನ ಒಂದು ಬದಿಯನ್ನು ತುಸು ಕಪ್ಪಾಗಿಸಿ, ಇನ್ನೊಂದು ಬದಿಯನ್ನು ತುಸು ಬಿಳಿಯಾಗಿಸಿ, ಕಣ್ಣಿಗೆ ಸ್ಪಷ್ಟತೆಯ ಅನುಭವ ನೀಡುತ್ತದೆ, ಅಷ್ಟೇ. ಅಳತೆ ಮೀರಿದರೆ ಆಕಾಶಕ್ಕೆ ಎದುರಾಗಿ ನಿಂತ ಕಂಬದ ಸುತ್ತ ಬಿಳಿಯ ಪ್ರಭಾವಳಿ ಮೂಡುತ್ತದೆ. ಕೈ ಅಲುಗಿ ಕಲಸಿಹೋದ ಚಿತ್ರವನ್ನು ಇದು ಸರಿಪಡಿಸುವುದಿಲ್ಲ.

ಎರಡರ ನಡುವಿನ ಜಗ್ಗಾಟ ಇಲ್ಲಿಂದಲೇ ಆರಂಭ. ತಂತ್ರಾಂಶಕ್ಕೆ ರವೆಯ ಚುಕ್ಕೆಯೂ ಒಂದು ಅಂಚೇ, ಅಕ್ಷರದ ಗೆರೆಯೂ ಒಂದು ಅಂಚೇ. ಶಾರ್ಪನಿಂಗ್ ಎರಡನ್ನೂ ಎತ್ತಿ ತೋರಿಸುತ್ತದೆ. ನಾಯ್ಸ್ ನಿವಾರಣೆ ಎರಡನ್ನೂ ಒರೆಸುತ್ತದೆ. ಪೂರ್ತಿ ಒರೆಸಿ, ಅನಂತರ ಬಲವಾಗಿ ಮೊನಚುಗೊಳಿಸಿದ ಚಿತ್ರದಲ್ಲಿ ಮುಖಗಳು ಮೇಣದ ಬೊಂಬೆಗಳಂತೆ ನುಣುಪಾಗಿರುತ್ತವೆ, ಮುಖದ ಸುತ್ತ ಮಾತ್ರ ಕತ್ತರಿಸಿಟ್ಟಂತಹ ಗೆರೆ ಇರುತ್ತದೆ. ವಾರ್ಷಿಕ ವರದಿಗಳಲ್ಲಿ ಇಂತಹ ಚಿತ್ರಗಳನ್ನು ತಾವು ಕಂಡೇ ಇರುತ್ತೀರಿ.

ನಮಗೆ ನಿಜವಾಗಿ ಮುಖ್ಯವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕುಡಿಯುವ ನೀರಿನ ಮೇಲ್ಮಟ್ಟದ ತೊಟ್ಟಿಯ ಗೋಡೆಯಲ್ಲಿ ಬಿರುಕು ಬಿಟ್ಟಿದೆ, ದುರಸ್ತಿಗೆ ಪ್ರಸ್ತಾವ ಕಳುಹಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಕಾಂಕ್ರೀಟು ರಚನೆಗಳ ಭಾರತೀಯ ಮಾನಕ ಐಎಸ್ 456 ಸಾಮಾನ್ಯ ಸಂದರ್ಭಗಳಲ್ಲಿ ಬಿರುಕಿನ ಅಗಲ 0.3 ಮಿಲಿಮೀಟರ್ ಮೀರಬಾರದೆಂದೂ, ಸದಾ ತೇವಕ್ಕೆ ಒಡ್ಡಿಕೊಂಡ ಭಾಗಗಳಲ್ಲಿ 0.2 ಮಿಲಿಮೀಟರ್ ಮೀರಬಾರದೆಂದೂ ಹೇಳುತ್ತದೆ. ಗೋಡೆಯ 3 ಮೀಟರ್ ಅಗಲವನ್ನು 4,000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಹಿಡಿದರೆ ಒಂದು ಪಿಕ್ಸೆಲ್‌ಗೆ 0.75 ಮಿಲಿಮೀಟರ್ ಬರುತ್ತದೆ. ಅಂದರೆ ನಾವು ತೋರಿಸಬೇಕಾದ ಬಿರುಕು ಒಂದು ಪಿಕ್ಸೆಲ್‌ನ ಅರ್ಧಕ್ಕಿಂತಲೂ ಸಪೂರ. ಅದು ಚಿತ್ರದಲ್ಲಿ ಸುತ್ತಲಿನದಕ್ಕಿಂತ ತುಸು ಕಪ್ಪಾದ ಎಳೆಯಾಗಿ ಮಾತ್ರ ಉಳಿದಿರುತ್ತದೆ. ಮುಸ್ಸಂಜೆಯಲ್ಲಿ ಐಎಸ್‌ಒ 3200ರಲ್ಲಿ ತೆಗೆದ ಚಿತ್ರವಾದರೆ ಆ ಎಳೆಯ ಕಪ್ಪೂ ರವೆಯ ಕಪ್ಪೂ ಹೆಚ್ಚುಕಡಿಮೆ ಒಂದೇ. ನಾಯ್ಸ್ ನಿವಾರಣೆಯ ಗುಂಡಿಯನ್ನು ಕೊನೆಯವರೆಗೆ ಎಳೆದರೆ ರವೆಯೊಂದಿಗೆ ಬಿರುಕೂ ಮಾಯವಾಗುತ್ತದೆ. ಮೇಲಧಿಕಾರಿಗಳ ಮೇಜಿನ ಮೇಲೆ ಹೊಸದಾಗಿ ಗಿಲಾವು ಮಾಡಿದಂತಹ ಗೋಡೆ ಕಾಣಿಸುತ್ತದೆ. ಶಾರ್ಪನಿಂಗ್ ಗುಂಡಿಯನ್ನು ಕೊನೆಯವರೆಗೆ ಎಳೆದರೆ ಸೆಂಟ್ರಿಂಗ್ ಹಲಗೆಯ ಹಳೆಯ ಗುರುತುಗಳೆಲ್ಲ ಬಿರುಕಿನಂತೆ ತೋರಿ, ಇಲ್ಲದ ಅಪಾಯ ಕಾಣಿಸುತ್ತದೆ. ಮೊದಲನೆಯದರಿಂದ ದುರಸ್ತಿ ತಪ್ಪಬಹುದು. ಎರಡನೆಯದರಿಂದ ನಮ್ಮ ಮುಂದಿನ ಪ್ರಸ್ತಾವಗಳ ಮೇಲಿನ ನಂಬಿಕೆಯೇ ತಪ್ಪಬಹುದು. ಇಂತಹ ಕಡೆ ಸಂಸ್ಕರಣೆಗಿಂತ ಹತ್ತಿರ ಹೋಗುವುದೇ ಲೇಸು. 30 ಸೆಂಟಿಮೀಟರ್ ಅಗಲವನ್ನಷ್ಟೇ ಚೌಕಟ್ಟಿಗೆ ತಂದು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಬದಿಯಿಂದ ಟಾರ್ಚ್ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ಅದೇ ಬಿರುಕಿಗೆ ಮೂರು ನಾಲ್ಕು ಪಿಕ್ಸೆಲ್ ದೊರೆಯುತ್ತದೆ.

ಎರಡನೆಯ ಉದಾಹರಣೆ ನಮ್ಮ ಲಿಪಿಯದ್ದು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ ಇವುಗಳ ನಡುವಿನ ಅಂತರ ಒಂದು ಸಣ್ಣ ಸೀಳು ಅಥವಾ ಗೆರೆ. ಹಳೆಯ ನಾಮಫಲಕ, ಗಡಿಕಲ್ಲು, ಮಾಸಿದ ದಾಖಲೆ ಪುಸ್ತಕದ ಪುಟ ಇವುಗಳ ಚಿತ್ರದಲ್ಲಿ ಅತಿಯಾದ ನಾಯ್ಸ್ ನಿವಾರಣೆ ಮೊದಲು ನುಂಗುವುದು ಆ ಸೀಳನ್ನೇ. ಒತ್ತಕ್ಷರಗಳ ಗತಿಯೂ ಅದೇ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಬೇರೆಯಾಗುವುದು ಬಾಲದ ತಿರುವಿನಿಂದ. ಸರ್ವೆ ನಂಬರಿನಲ್ಲಿ ಆ ಬಾಲ ಅಳಿದರೆ ಏನಾಗುತ್ತದೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಕ್ರಮದ ವಿಷಯಕ್ಕೆ ಬರುತ್ತೇನೆ. ನಾಯ್ಸ್ ನಿವಾರಣೆ ಮೊದಲು, ಶಾರ್ಪನಿಂಗ್ ಅನಂತರ. ತಿರುವುಮುರುವು ಮಾಡಿದರೆ ಮೊನಚಾದ ರವೆಯನ್ನು ಒರೆಸಲು ಇನ್ನಷ್ಟು ಬಲ ಬೇಕಾಗುತ್ತದೆ. ಚಿತ್ರವನ್ನು ಶೇಕಡ 100ರ ಗಾತ್ರಕ್ಕೆ ಹಿಗ್ಗಿಸಿ, ಮುಖ್ಯವಾದ ಒಂದು ವಿವರವನ್ನು, ಅಂದರೆ ಬಿರುಕನ್ನೋ ಅಕ್ಷರವನ್ನೋ ಮುಖದ ಸುಕ್ಕನ್ನೋ, ಆರಿಸಿಕೊಳ್ಳಿ. ಬಣ್ಣದ ಚುಕ್ಕೆಗಳು ಹೋಗುವವರೆಗೆ ಮೊದಲ ಗುಂಡಿ. ಅನಂತರ ಹೊಳಪಿನ ಗುಂಡಿಯನ್ನು ನಿಧಾನವಾಗಿ ಏರಿಸುತ್ತ, ಆರಿಸಿಕೊಂಡ ವಿವರ ಮಸುಕಾಗತೊಡಗಿದ ಕ್ಷಣ ನಿಲ್ಲಿಸಿ, ತುಸು ಹಿಂದಕ್ಕೆ ಬನ್ನಿ. ರವೆ ಸ್ವಲ್ಪ ಉಳಿಯುತ್ತದೆ, ಉಳಿಯಲಿ. ಶಾರ್ಪನಿಂಗ್‌ನಲ್ಲಿ ರೇಡಿಯಸ್ ಎಂಬುದನ್ನು 1 ಪಿಕ್ಸೆಲ್‌ನ ಆಸುಪಾಸಿನಲ್ಲಿ ಇರಿಸಿ. ಮಾಸ್ಕಿಂಗ್ ಅಥವಾ ಥ್ರೆಶೋಲ್ಡ್ ಎಂಬ ಸೌಲಭ್ಯವಿದ್ದರೆ ಬಳಸಿ. ಅದು ಆಕಾಶ, ಗೋಡೆಗಳಂತಹ ಬಯಲು ಭಾಗಗಳನ್ನು ಬಿಟ್ಟು ಅಂಚುಗಳನ್ನಷ್ಟೇ ಮುಟ್ಟುತ್ತದೆ. ಈ ಕೆಲಸಕ್ಕೆ ಹಣ ತೆರಬೇಕಾಗಿಲ್ಲ. ಗಿಂಪ್, ಡಾರ್ಕ್‌ಟೇಬಲ್, ರಾಥೆರಪಿ ಇವು ಮುಕ್ತ ತಂತ್ರಾಂಶಗಳು. ಮೊಬೈಲಿನ ಜೆಪೆಗ್ ಚಿತ್ರಗಳಿಗೆ ಎರಡೂ ಸಂಸ್ಕರಣೆಗಳನ್ನು ಮೊಬೈಲೇ ಮಾಡಿ ಮುಗಿಸಿರುತ್ತದೆ. ಅವುಗಳ ಮೇಲೆ ಮತ್ತೊಮ್ಮೆ ಮಾಡುವುದು ಬಹಳ ಸಲ ಅನಗತ್ಯ.

ಇಷ್ಟೆಲ್ಲ ಶ್ರಮವಿಲ್ಲದೆಯೂ ನಾಯ್ಸ್ ಇಳಿಸುವ ಒಂದು ಉಪಾಯವಿದೆ: ಚಿತ್ರವನ್ನು ಚಿಕ್ಕದಾಗಿಸುವುದು. 4,000 ಪಿಕ್ಸೆಲ್ ಅಗಲದ ಚಿತ್ರವನ್ನು 1,000 ಪಿಕ್ಸೆಲ್‌ಗೆ ಇಳಿಸಿದಾಗ 16 ಪಿಕ್ಸೆಲ್‌ಗಳ ಸರಾಸರಿ ಒಂದಾಗುತ್ತದೆ. ನಾಯ್ಸ್ ಸುಮಾರು ಕಾಲುಭಾಗಕ್ಕೆ ಬರುತ್ತದೆ. ಸೂಚನಾಫಲಕಕ್ಕೋ ವರದಿಯ ಮೂಲೆಯ ಚಿತ್ರಕ್ಕೋ ಇಷ್ಟು ಸಾಕು. ಮೊಬೈಲಿನ ರಾತ್ರಿ ವಿಧಾನವೂ ಇದೇ ತತ್ತ್ವದ್ದು. ಅದು ಹಲವು ಚಿತ್ರಗಳನ್ನು ಬೇಗಬೇಗನೆ ತೆಗೆದು ಒಂದುಗೂಡಿಸುತ್ತದೆ. ಗೋಡೆ, ಮೋರಿ, ಫಲಕಗಳಿಗೆ ಅದು ಒಳ್ಳೆಯದು. ಎದ್ದು ಮಾತನಾಡುತ್ತಿರುವ ಗ್ರಾಮಸ್ಥರ ಮುಖ ಮಾತ್ರ ಅದರಲ್ಲಿ ಕಲಸಿಹೋಗಬಹುದು.

ಜಾಲತಾಣಕ್ಕೆ ಏರಿಸಲು ಕಡತದ ಗಾತ್ರಕ್ಕೆ ಮಿತಿಯಿದ್ದಾಗ ಮಿತವಾದ ನಾಯ್ಸ್ ನಿವಾರಣೆ ನಿಜಕ್ಕೂ ಉಪಕಾರಿ. ಜೆಪೆಗ್ ಸಂಕೋಚನಕ್ಕೆ ರವೆಯೂ ವಿವರದಂತೆಯೇ ಕಾಣುವುದರಿಂದ ಜಾಗವೆಲ್ಲ ಅದಕ್ಕೇ ವ್ಯಯವಾಗಿ, ಬೇಕಾದ ಭಾಗ ಚೌಕಚೌಕವಾಗಿ ಒಡೆಯುತ್ತದೆ.

ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆ ಒಂದು ಮಾತು. ಲೈಟ್‌ರೂಮ್‌ನಲ್ಲಿ 2023ರ ಏಪ್ರಿಲ್‌ನಿಂದ ಇಂತಹ ಡೀನಾಯ್ಸ್ ಸೌಲಭ್ಯವಿದೆ. ಜಾತ್ರೆಯ, ರಾತ್ರಿಯ ಬಯಲಾಟದ ಚಿತ್ರಗಳಿಗೆ ಅದು ಬಹಳ ಸೊಗಸಾಗಿ ಕೆಲಸ ಮಾಡುತ್ತದೆ, ಬಳಸಿ ಎಂದೇ ಹೇಳುತ್ತೇನೆ. ಆದರೆ ಇವು ಕಲಿತ ಮಾದರಿಗಳ ಆಧಾರದ ಮೇಲೆ ಇಲ್ಲಿ ಏನಿದ್ದಿರಬಹುದೆಂದು ಊಹಿಸುತ್ತವೆ. ಮಸುಕು ಮುಖವನ್ನು ಸ್ಪಷ್ಟಗೊಳಿಸುವ ಮೊಬೈಲ್ ಆ್ಯಪ್‌ಗಳಂತೂ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅವರದಲ್ಲದ ಮುಖವನ್ನು ಕೊಟ್ಟುಬಿಡಬಲ್ಲವು. ಯಂತ್ರದ ಊಹೆ ಎಷ್ಟು ಸಹಜವಾಗಿ ತೋರಬಲ್ಲದೆಂಬುದಕ್ಕೆ, ಕೃತಕ ಬುದ್ಧಿಮತ್ತೆಗೆ ಸಂಬಂಧಿಸದ ಒಂದು ಹಳೆಯ ನಿದರ್ಶನವಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕ ವಿಜ್ಞಾನಿ, ಜೆರಾಕ್ಸ್ ಸಂಸ್ಥೆಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡಿದ ಕಟ್ಟಡ ನಕ್ಷೆಯಲ್ಲಿ ಅಂಕಿಗಳೇ ಬದಲಾಗಿರುವುದನ್ನು ಪತ್ತೆ ಮಾಡಿದರು. ಹೋಲುವ ಅಕ್ಷರಗಳಿಗೆ ಒಂದೇ ಅಚ್ಚನ್ನು ಬಳಸುವ ಸಂಕೋಚನ ಕ್ರಮದಿಂದ 6 ಇದ್ದ ಕಡೆ 8 ಬರುತ್ತಿತ್ತು. ಅಕ್ಷರ ಮಸುಕಾಗಿದ್ದರೆ ಓದುಗನಿಗೆ ಅನುಮಾನವಾದರೂ ಬರುತ್ತಿತ್ತು. ಅಲ್ಲಿ ಅಂಕಿ ಸ್ಪಷ್ಟವಾಗಿಯೇ ಇತ್ತು, ತಪ್ಪಾಗಿತ್ತು.

ಆದ್ದರಿಂದ ತಮ್ಮ ಪಂಚಾಯಿತಿಗಳಲ್ಲಿ ಎರಡು ಪ್ರತಿಗಳ ಪದ್ಧತಿಯನ್ನು ರೂಢಿಸಬೇಕೆಂದು ಕೋರುತ್ತೇನೆ. ಕ್ಯಾಮೆರಾದಿಂದ ಬಂದ ಮೂಲ ಕಡತವನ್ನು ಯಾರೂ ಮುಟ್ಟದೆ ಪ್ರತ್ಯೇಕವಾಗಿ ಇಡತಕ್ಕದ್ದು. ಸಂಸ್ಕರಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸತಕ್ಕದ್ದು. ಬಿರುಕು, ಅಳತೆ, ದಾಖಲೆ, ಹಾಜರಿ ಇವುಗಳ ಚಿತ್ರಕ್ಕೆ ಊಹಿಸುವ ಸಾಧನಗಳು ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಸ್ಥಳ ಮಾಹಿತಿ ಅಳಿದು ವಿವರವೂ ಕುಗ್ಗುವುದರಿಂದ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದನ್ವಯ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕಾಗುತ್ತದೆ. ಒಂದೇ ಒಂದು ಪಿಕ್ಸೆಲ್ ತಿದ್ದಿ ಉಳಿಸಿದರೂ ಆ ಮೌಲ್ಯ ಬದಲಾಗುತ್ತದೆ.

ಕೊನೆಯದಾಗಿ, ಮುಂದಿನ ಆಯವ್ಯಯದಲ್ಲಿ ಕಚೇರಿಗೆ ಒಂದು ಮುಕ್ಕಾಲಿ ಮತ್ತು ಬ್ಯಾಟರಿಯ ಒಂದು ಎಲ್‌ಇಡಿ ದೀಪಕ್ಕೆ ಅವಕಾಶ ಕಲ್ಪಿಸಿ. ಬೆಳಕು ನಾಲ್ಕು ಪಟ್ಟಾದರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ, ಅದೂ ಯಾವ ವಿವರವನ್ನೂ ಕಳೆದುಕೊಳ್ಳದೆ. ಮಧ್ಯಾಹ್ನದ ಅವಧಿಯಲ್ಲಿ ಇದೇ ಸಭಾಂಗಣದ ದೀಪಗಳನ್ನು ಆರಿಸಿ, ಗೋಡೆಯ ಒಂದೇ ಫಲಕವನ್ನು ಮೂರು ಬಗೆಯಲ್ಲಿ ತೆಗೆದು, ಮೂರನ್ನೂ ಪರದೆಯ ಮೇಲೆ ಹಿಗ್ಗಿಸಿ ತೋರಿಸಲಿದ್ದೇನೆ. ತಮ್ಮ ಮೊಬೈಲುಗಳನ್ನು ಚಾರ್ಜ್ ಮಾಡಿಕೊಂಡು ಬರಬೇಕೆಂದು ವಿನಂತಿ.