ಮುಂದಿನ ವಾರಕ್ಕೆ ಉಳಿದ ಕಥೆ

ಒಂದು ದೀರ್ಘ ಕಥೆಯನ್ನು ಹಲವು ಕಂತುಗಳಾಗಿ ಹಂಚಿ, ನಾಯಕಿಯ ಪ್ರಾಣ ಉಳಿಯುವುದೋ ಹೋಗುವುದೋ ಎಂಬ ಘಟ್ಟದಲ್ಲಿ ದೀಪ ಹಾಕಿ, ಜನರನ್ನು ಮುಂದಿನ ಕಂತಿಗೆ ಕಾಯುವಂತೆ ಮಾಡುತ್ತಿದ್ದ ಮೂಕಿ ಧಾರಾವಾಹಿಗಳು ಚಲನಚಿತ್ರ ಕಲೆಯ ಇತಿಹಾಸದಲ್ಲಿ ತಮಗೆ ಸಲ್ಲಬೇಕಾದ ಗೌರವವನ್ನು ಇಂದಿಗೂ ಪಡೆದಿಲ್ಲ. ಷಿಕಾಗೋದ ಸೆಲಿಗ್ ಕಂಪನಿ 1913ರ ಕೊನೆಯಲ್ಲಿ ಹೊರತಂದ 13 ಕಂತುಗಳ ‘ದಿ ಅಡ್ವೆಂಚರ್ಸ್ ಆಫ್ ಕ್ಯಾಥ್ಲಿನ್’ ಈ ಬಗೆಯ ಚಿತ್ರಗಳಿಗೆ ದಾರಿ ತೆರೆಯಿತು; ಅದರ ಕಥೆ ನಡೆಯುವುದು ಭಾರತದ ಕಲ್ಪಿತ ರಾಜ್ಯವೊಂದರಲ್ಲಿ ಎಂಬುದನ್ನು ಇಲ್ಲಿಯ ಓದುಗರಲ್ಲಿ ಬಲ್ಲವರು ಕಡಿಮೆ.

ಆದರೆ ಹೆಸರು ನಿಂತದ್ದು 1914ರ ‘ದಿ ಪೆರಿಲ್ಸ್ ಆಫ್ ಪಾಲೀನ್’ ಚಿತ್ರದ್ದು, ಅದರ ನಾಯಕಿ ಪರ್ಲ್ ವೈಟ್‌ಳದ್ದು. ಮದುವೆಗೆ ಮೊದಲು ಲೋಕವನ್ನು ಕಂಡು ಕಥೆ ಬರೆಯಬೇಕೆಂದು ಹಟ ಹಿಡಿದ ಶ್ರೀಮಂತ ಯುವತಿ ಪಾಲೀನ್, ಅವಳ ಆಸ್ತಿಗಾಗಿ ಅವಳನ್ನು ಕೊಲ್ಲಿಸಲು ಹೊಂಚುವ ಕಾರ್ಯದರ್ಶಿ, ಇಷ್ಟೇ ಕಥೆ. ಅದನ್ನು 20 ಕಂತುಗಳವರೆಗೆ ಹೊತ್ತು ನಡೆದವಳು ಆ ನಟಿ. ಚಿತ್ರೀಕರಣದಲ್ಲಿ ಬೆನ್ನಿಗೆ ಬಿದ್ದ ಪೆಟ್ಟು ಅವಳನ್ನು ಬದುಕಿನುದ್ದಕ್ಕೂ ಕಾಡಿತು. ಮುಂದೆ ಅಪಾಯದ ದೃಶ್ಯಗಳಿಗೆ ಬದಲಿ ನಟರು ಬಂದರು; ‘ಪ್ಲಂಡರ್’ ಚಿತ್ರೀಕರಣದ ವೇಳೆ, 1922ರಲ್ಲಿ, ಅವಳ ವೇಷ ಧರಿಸಿ ಬಸ್ಸಿನ ಮೇಲಿಂದ ನೆಗೆದ ಜಾನ್ ಸ್ಟೀವನ್ಸನ್ ಸತ್ತೇ ಹೋದನು. ಪರ್ಲ್ ವೈಟ್ 1938ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡಳು. ರೈಲು ಹಳಿಗೆ ಕಟ್ಟಿಹಾಕಲ್ಪಟ್ಟ ಹುಡುಗಿ ಎಂದೇ ಜನ ಪಾಲೀನಳನ್ನು ನೆನೆಯುತ್ತಾರಾದರೂ ಅಂಥ ದೃಶ್ಯ ಆ ಧಾರಾವಾಹಿಯಲ್ಲಿಲ್ಲ, ಅದರ ಕಂತುಗಳಲ್ಲಿ ಹೆಚ್ಚಿನವು ತಮ್ಮಲ್ಲೇ ಮುಗಿಯುತ್ತಿದ್ದವು ಕೂಡ. 1933, 1947 ಮತ್ತು 1967ರಲ್ಲಿ ಅದೇ ಹೆಸರಿನಲ್ಲಿ ಬಂದ ಚಿತ್ರಗಳಲ್ಲಿ ಮೊದಲನೆಯದು ಮಾತ್ರ ಕಂತುಗಳಲ್ಲಿ ಬಂದ ಧಾರಾವಾಹಿ. ಉಳಿದೆರಡು ಒಂದೇ ಪ್ರದರ್ಶನದಲ್ಲಿ ಮುಗಿಯುವ ಚಿತ್ರಗಳಾದ್ದರಿಂದ, ಧಾರಾವಾಹಿಗಳ ಪ್ರಾಣವಾಗಿದ್ದ ಕಾಯುವಿಕೆಯೇ ಅವುಗಳಲ್ಲಿ ಇಲ್ಲವಾಯಿತು.

ಇಂಥ ಧಾರಾವಾಹಿಗಳು ಕಡಲು ದಾಟಿ ನಮ್ಮಲ್ಲಿಗೂ ಬಂದವು. ದಕ್ಷಿಣ ಭಾರತದಲ್ಲಿ ತಿರುಚಿನಾಪಳ್ಳಿಯ ರೈಲ್ವೆ ನೌಕರ ಸ್ವಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚನೊಬ್ಬನಿಂದ ಚಿತ್ರ ತೋರಿಸುವ ಯಂತ್ರ ಕೊಂಡು ಡೇರೆ ಹೊತ್ತು ಊರೂರು ತಿರುಗಿದ ಮೇಲೆ, ಸಂಚಾರಿ ಚಿತ್ರಮಂದಿರಗಳ ಕಾಲ ಆರಂಭವಾಯಿತು. ಮದರಾಸಿನಲ್ಲಿ ಅಮೆರಿಕದ ಧಾರಾವಾಹಿಗಳಿಗೆ, ಅದರಲ್ಲೂ ಸರ್ಕಸ್ಸಿನಿಂದ ಬಂದ ಎಡ್ಡಿ ಪೋಲೋನ ಚಿತ್ರಗಳಿಗೆ, ಜನ ಮುಗಿಬೀಳುತ್ತಿದ್ದರು. ಒಂದೇ ರಾತ್ರಿ ಹಲವು ಕಂತುಗಳನ್ನು ಒಟ್ಟಿಗೆ ತೋರಿಸುವ ವಾಡಿಕೆಯೂ ಅಲ್ಲಿತ್ತು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಹೊಸೂರು, ಕೃಷ್ಣಗಿರಿ ಸೀಮೆಯಂಥ ನೆಲಕ್ಕೆ, ಯಾವ ಭಾಷೆಯ ಹಂಗೂ ಇಲ್ಲದ ಈ ಹೊಡೆದಾಟದ ಕಲೆ ಹೇಳಿ ಮಾಡಿಸಿದಂತಿತ್ತು ಎನ್ನಲೇಬೇಕು.

ಮಾತು ಬಂದ ಮೇಲೂ ಪಾಲೀನಳ ಸಂತತಿ ಅಳಿಯಲಿಲ್ಲ. ಮುಂಬಯಿಯಲ್ಲಿ ವಾಡಿಯಾ ಸಹೋದರರು 1935ರಲ್ಲಿ ನಟಿ ನಾಡಿಯಾಳ ಕೈಗೆ ಚಾಟಿ ಕೊಟ್ಟು ‘ಹಂಟರ್‌ವಾಲಿ’ ತೆಗೆದರು, ತಮಿಳಿನಲ್ಲಿ ಕೆ. ಅಮರನಾಥ್ 1937ರಲ್ಲಿ ಕೆ. ಟಿ. ರುಕ್ಮಿಣಿಯವರನ್ನು ನಾಯಕಿಯಾಗಿಸಿ ‘ಮಿನ್ನಲ್ ಕೊಡಿ’ ತಂದರು. ಹೊಸೂರು, ಕೃಷ್ಣಗಿರಿಗಳು 1965ರವರೆಗೆ ಸೇರಿದ್ದ ಸೇಲಂ ಜಿಲ್ಲೆಯಲ್ಲೇ ಟಿ. ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್ ಎಂಬ ಚಿತ್ರನಿರ್ಮಾಣ ಸಂಸ್ಥೆ ತಲೆಯೆತ್ತಿತು. 1940ರ ‘ಉತ್ತಮ ಪುತ್ತಿರನ್’ ಚಿತ್ರದ ಅವಳಿ ರಾಜಕುಮಾರರಿಂದ 1960ರ ದಶಕದ ಜೈಶಂಕರ್ ಅವರ ಪತ್ತೇದಾರಿ ಚಿತ್ರಗಳವರೆಗೆ, ವಾರದ ಕಂತು ತಪ್ಪಿದ್ದರೂ, ಗಂಡಾಂತರದ ತುದಿಗೆ ಪ್ರೇಕ್ಷಕರನ್ನು ನಿಲ್ಲಿಸುವ ಕುಶಲತೆಯನ್ನು ಆ ಸಂಸ್ಥೆ ಉಳಿಸಿಕೊಂಡಿತು.

ಪಾಲೀನಳ 20 ಕಂತುಗಳಲ್ಲಿ ಇಂದು ನೋಡಲು ಸಿಗುವುದು ಯುರೋಪಿಗಾಗಿ ಕತ್ತರಿಸಿ ಜೋಡಿಸಿದ 9 ಅಧ್ಯಾಯಗಳು ಮಾತ್ರ. ಭಾರತದ ಮೂಕಿಗಳ ಗತಿಯಂತೂ ಹೇಳತೀರದು, ಸಾವಿರಕ್ಕೂ ಮೀರಿ ತಯಾರಾದವುಗಳಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಉಳಿದವುಗಳಲ್ಲಿ 1931ರ ‘ದಿಲೇರ್ ಜಿಗರ್’ ಒಂದು. ಅದರಲ್ಲಿ ಮುಖವಾಡ ಧರಿಸಿ ಕತ್ತಿ ಬೀಸುವ ಲಲಿತಾ ಪವಾರ್ ಅವರೇ 1987ರಲ್ಲಿ ದೂರದರ್ಶನದ ‘ರಾಮಾಯಣ’ದ ಮಂಥರೆಯಾಗಿ ಬಂದರು, ಭಾನುವಾರ ಬೆಳಗ್ಗೆ ನೆರೆಮನೆಯ ಟಿವಿಯ ಮುಂದೆ ನೆರೆದ ಜನ, ಕಂತು ಮುಗಿಯುತ್ತಿದ್ದಂತೆ, ಮತ್ತೆ ಒಂದು ವಾರ ಕಾಯತೊಡಗಿದರು.