ಶತಕವಾಗದ ತೊಂಬತ್ತೇಳು

(ದೊಡ್ಡಬಳ್ಳಾಪುರದ ಕ್ರೀಡಾಭಿಮಾನಿಗಳ ಮುಂದೆ ಮಾಡಿದ ಭಾಷಣ)



ಅಮೆರಿಕದವರಿಗೆ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಅಲ್ಲಿ ಟೆಡ್ ವಿಲಿಯಮ್ಸ್ ಎಂಬ ಹೊಡೆತಗಾರನಿದ್ದ. 1941ರ ಋತುವಿನ ಕೊನೆಯ ದಿನ ಅವನ ಸರಾಸರಿ .39955. ಆಡದೆ ಕೂತಿದ್ದರೂ ಲೆಕ್ಕದ ಪುಸ್ತಕದಲ್ಲಿ ಅದು .400 ಎಂದೇ ದಾಖಲಾಗುತ್ತಿತ್ತು. ಆತ ಕೂರಲಿಲ್ಲ. ಅಂದಿನ ಎರಡೂ ಪಂದ್ಯಗಳನ್ನು ಆಡಿ, 8 ಅವಕಾಶಗಳಲ್ಲಿ 6 ಹಿಟ್ ಗಳಿಸಿ .406ಕ್ಕೆ ಮುಟ್ಟಿದ. ಅಭಿಮಾನ ಹುಟ್ಟುವುದು ಅಂಕಿಯಿಂದಲೋ, ಆ ಅಂಕಿ ಬಂದ ರೀತಿಯಿಂದಲೋ? ನಮ್ಮಲ್ಲಿ ಈ ಪ್ರಶ್ನೆ ಎತ್ತಿದರೆ ಮೊದಲು ನೆನಪಾಗುವ ಹೆಸರು ಗುಂಡಪ್ಪ ವಿಶ್ವನಾಥ್.

1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಗಿಡ್ಡ ಆಳು. ಮೈಸೂರು ಪರ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಎದುರು 230. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಎದುರು ಸೊನ್ನೆ, ಎರಡನೇ ಸರದಿಯಲ್ಲಿ 137. ಆಮೇಲಿನದು ಎಲ್ಲರಿಗೂ ಗೊತ್ತಿದೆ: 91 ಟೆಸ್ಟ್, 6080 ರನ್, 14 ಶತಕ. ಆ ಹದಿನಾಲ್ಕರಲ್ಲಿ ಒಂದು ಪಂದ್ಯವನ್ನೂ ಭಾರತ ಸೋಲಲಿಲ್ಲ.

ಆದರೆ ಅಭಿಮಾನಿಗಳನ್ನು ಕೇಳಿ ನೋಡಿ. ಅವರು ಮೊದಲು ಹೇಳುವುದು ಶತಕವೇ ಅಲ್ಲದ ಆಟದ ಹೆಸರನ್ನು.

1975ರ ಜನವರಿ, ಮದ್ರಾಸಿನ ಚೆಪಾಕ್. ವೆಸ್ಟ್ ಇಂಡೀಸ್ ಸರಣಿಯಲ್ಲಿ 2-1ರಿಂದ ಮುಂದಿತ್ತು. ಗಾಯಗೊಂಡ ಗವಾಸ್ಕರ್ ಇರಲಿಲ್ಲ. ಆಂಡಿ ರಾಬರ್ಟ್ಸ್ ಚೆಂಡು ಬೆಂಕಿಯಂತೆ ಬರುತ್ತಿತ್ತು. ಆ ಸರದಿಯಲ್ಲಿ 64 ರನ್ನಿಗೆ 7 ವಿಕೆಟ್ ಕಿತ್ತರು. 117ಕ್ಕೆ 8 ಮಂದಿ ಔಟ್. ಬೇಡಿಯವರ ಜೊತೆ 52, ಚಂದ್ರಶೇಖರ್ ಜೊತೆ 21. ಬ್ಯಾಟು ಹಿಡಿಯುವುದೇ ಕಷ್ಟವಾಗಿದ್ದ ಚಂದ್ರಶೇಖರ್ ಔಟಾದಾಗ ಮೊತ್ತ 190, ವಿಶ್ವನಾಥ್ ಅಜೇಯ 97. ಮೂರು ರನ್ ಉಳಿದೇ ಹೋಯಿತು. ಭಾರತ ಪಂದ್ಯವನ್ನು 100 ರನ್ನಿನಿಂದ ಗೆದ್ದಿತು. ಆ ಮೂರು ರನ್ನಿಗಾಗಿ ಇವತ್ತಿಗೂ ಮರುಗುವವರಿದ್ದಾರೆ, ಮರುಗದಿರುವವರೇ ಹೆಚ್ಚು ಸರಿ ಎನ್ನಬೇಕು.

ಅವರ ಸ್ಕ್ವೇರ್ ಕಟ್ ಬಗ್ಗೆ ಒಂದು ಮಾತು. ಎತ್ತರದವನ ಸೊಂಟದ ಮಟ್ಟಕ್ಕೆ ಬರುವ ಚೆಂಡು ಗಿಡ್ಡ ಆಳಿಗೆ ಎದೆಯ ಮಟ್ಟಕ್ಕೆ ಬರುತ್ತದೆ. ವಿಶ್ವನಾಥ್ ಆ ಕೊರತೆಯನ್ನೇ ಅನುಕೂಲ ಮಾಡಿಕೊಂಡರು. ಚೆಂಡು ಮೇಲೇರುವವರೆಗೂ ಕಾದು, ತುದಿಗಾಲಲ್ಲಿ ನಿಂತು, ಮಣಿಕಟ್ಟನ್ನಷ್ಟೇ ತಿರುಗಿಸಿದರೆ ಅದು ಪಾಯಿಂಟ್ ಪಕ್ಕದಿಂದ ಬೌಂಡರಿಗೆ. ಇಲ್ಲಿ ಮಗ್ಗದ ಮನೆಗಳಿಂದ ಬಂದವರಿದ್ದೀರಿ, ನಿಮಗೆ ಬಿಡಿಸಿ ಹೇಳಬೇಕಿಲ್ಲ: ಲಾಳಿ ಓಡುವುದು ಬಲದಿಂದಲ್ಲ, ಹೊತ್ತು ತಪ್ಪದ ಏಟಿನಿಂದ.

ಇನ್ನೊಂದು ಪ್ರಸಂಗವಿದೆ. 1980ರ ಫೆಬ್ರವರಿ, ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟ್, ನಾಯಕ ವಿಶ್ವನಾಥ್. 58ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡಿಗೆ ಬೋಥಮ್ ಮತ್ತು ಬಾಬ್ ಟೇಲರ್ ಆಸರೆಯಾಗಿದ್ದರು. ಅಂಪೈರ್ ಟೇಲರ್‌ಗೆ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ವಿಶ್ವನಾಥ್ ಅವರನ್ನು ವಾಪಸ್ ಕರೆಸಿದರು. ಜೊತೆಯಾಟ 171ಕ್ಕೆ ಬೆಳೆಯಿತು, ಭಾರತ 10 ವಿಕೆಟ್‌ಗಳಿಂದ ಸೋತಿತು.

ನಾಯಕನಾಗಿ ಅವರಿಗೆ ಸಿಕ್ಕಿದ್ದು ಎರಡೇ ಟೆಸ್ಟ್. ಇದು ಅದರಲ್ಲೊಂದು.