ಬಿತ್ತನೆಗೆ ಎತ್ತಿಟ್ಟ ತೆನೆ

ಸುಗ್ಗಿಯಲ್ಲಿ ಕಣದ ರಾಶಿ ಮನೆಗೆ ಬರುವ ಮುಂಚೆ ಹಿರಿಯರು ಒಂದು ಕೆಲಸ ಮಾಡುತ್ತಾರೆ. ಕಾಳು ತುಂಬಿದ ಒಳ್ಳೊಳ್ಳೆಯ ತೆನೆ ಆರಿಸಿ ಬೇರೆ ಎತ್ತಿಡುತ್ತಾರೆ. ಅದು ಬಿತ್ತನೆಗೆ. ಮನೆಯಲ್ಲಿ ಎಂಥ ತಾಪತ್ರಯ ಬಂದರೂ ಅದಕ್ಕೆ ಕೈ ಹಚ್ಚುವಂತಿಲ್ಲ.

ಈ ಮಾತು ನೆನಪಾಗಲು ಒಂದು ಪುಸ್ತಕ ಕಾರಣ. 1990ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಅಲೋನ್ಸೊ ಸಲಸಾರ್ ಎಂಬ ಪತ್ರಕರ್ತರು ಬರೆದದ್ದು. ಅದರ ಸ್ಪ್ಯಾನಿಷ್ ಹೆಸರನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ: 'ನಾವು ಬೀಜಕ್ಕೆ ಹುಟ್ಟಿದವರಲ್ಲ'. ಅದರಲ್ಲಿ ಮಾತಾಡುವವರು ಮೆದೆಯಿನ್ ನಗರದ ಗುಡ್ಡದ ಕೇರಿಗಳ ಹುಡುಗರು. ಬೈಕಿನ ಹಿಂದೆ ಕೂತು ಹೋಗಿ, ದುಡ್ಡಿಗೆ ಮನುಷ್ಯರನ್ನು ಕೊಲ್ಲುವವರು. ತಾವೂ ಹೆಚ್ಚು ದಿನ ಬದುಕುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಉಳಿಯುವ ಕಾಳು ತಾವಲ್ಲ ಎಂದು ಅವರೇ ತಮ್ಮನ್ನು ಜರಡಿ ಹಿಡಿದುಕೊಂಡಿದ್ದರು.

ಆ ಪುಸ್ತಕ ಬಂದು ಹದಿನೆಂಟು ವರ್ಷದ ಮೇಲೆ, 2008ರಲ್ಲಿ, ಅದನ್ನು ಬರೆದವರೇ ಆ ಊರಿನ ಮೇಯರ್ ಆದರು. ಈ ಎರಡು ಘಟನೆಗಳ ನಡುವೆಯೂ ಆಮೇಲೂ ಒಂದು ನಗರ ತನ್ನ ಹುಡುಗರ ವಿಷಯದಲ್ಲಿ ಏನು ಮಾಡಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎನ್ನುವುದೇ ಇವತ್ತಿನ ಮಾತು.

ಮೊದಲು ಊರಿನ ಚಿತ್ರ. ನಮ್ಮ ಪತ್ರಿಕೆಗಳು ಮೆಡೆಲಿನ್ ಎಂದು ಬರೆಯುವ ಈ ನಗರ ಒಂದು ಕಣಿವೆಯಲ್ಲಿದೆ. ನಡುವೆ ನದಿ, ಎರಡೂ ಕಡೆ ಕಡಿದಾದ ಬೆಟ್ಟ. ತಳದಲ್ಲಿ ಬ್ಯಾಂಕು, ಕಚೇರಿ, ಅಂಗಡಿಬೀದಿ. ಹಳ್ಳಿಗಳಿಂದ ಗುಳೆ ಬಂದವರಿಗೆ, ಹಿಂಸೆಗೆ ಹೆದರಿ ಓಡಿಬಂದವರಿಗೆ ಉಳಿದ ಜಾಗ ಬೆಟ್ಟದ ಮೈ. ಹೀಗಾಗಿ ಅಲ್ಲಿ ಮೇಲೆ ಹತ್ತಿದಷ್ಟೂ ಬಡತನ ಹೆಚ್ಚು. ರಸ್ತೆ ಮುಗಿದಲ್ಲಿ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಕಾಲುದಾರಿ.

ಆ ಮೆಟ್ಟಿಲುಗಳನ್ನು ಕಟ್ಟಿದವರು ಅಲ್ಲಿಯ ಜನರೇ. ಭಾನುವಾರ ಕೇರಿಯವರೆಲ್ಲ ಸೇರಿ ಮರಳು ಹೊತ್ತು, ಗಾರೆ ಕಲಸಿ, ದೊಡ್ಡ ಪಾತ್ರೆಯಲ್ಲಿ ಸಾರು ಬೇಯಿಸಿ ಹಂಚಿಕೊಂಡು ಉಂಡು, ಕತ್ತಲಾಗುವಷ್ಟರಲ್ಲಿ ಒಂದು ದಾರಿ ಮುಗಿಸುತ್ತಿದ್ದರು. ಅದಕ್ಕೆ ಅವರ ಭಾಷೆಯಲ್ಲಿ 'ಕೊನ್ವಿತೆ' ಎನ್ನುತ್ತಾರೆ. ನಮ್ಮ ಮುಯ್ಯಾಳು ಪದ್ಧತಿಯ ದೂರದ ನೆಂಟ ಅನ್ನಿ. ಸಮುದಾಯದ ಸಹಭಾಗಿತ್ವ ಎಂಬ ದೊಡ್ಡ ಮಾತು ಸರ್ಕಾರಿ ಕಡತಕ್ಕೆ ಬರುವ ಎಷ್ಟೋ ಮೊದಲೇ ಆ ಬೆಟ್ಟದಲ್ಲಿ ಅದು ಇತ್ತು. ಇಲ್ಲದ್ದು ಸರ್ಕಾರ.

ಆ ಖಾಲಿ ಜಾಗಕ್ಕೆ ಬಂದದ್ದು ಮಾದಕ ವಸ್ತುವಿನ ದಂಧೆ. ಆ ದಂಧೆಯ ಮುಖಂಡ ಪಾಬ್ಲೊ ಎಸ್ಕೊಬಾರ್ ಹೆಸರು ನೀವು ಕೇಳಿರುತ್ತೀರಿ. 1991ರಲ್ಲಿ ಈ ಒಂದೇ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಕೊಲೆಗಳಾದವು. ಲಕ್ಷ ಜನಕ್ಕೆ ಸುಮಾರು 380. ಸತ್ತವರಲ್ಲಿ ಹೆಚ್ಚಿನವರು ಹುಡುಗರು, ಕೊಂದವರೂ ಹುಡುಗರೇ. 1993ರ ಡಿಸೆಂಬರ್ 2ರಂದು ಎಸ್ಕೊಬಾರ್ ಪೊಲೀಸರ ಗುಂಡಿಗೆ ಬಲಿಯಾದ. ಬಂದೂಕುಗಳು ಮಾತ್ರ ಕೇರಿಗಳಲ್ಲೇ ಉಳಿದವು.

ಇಂಥ ಊರಿನಲ್ಲಿ ಒಬ್ಬ ಮೇಯರ್ ಏನು ಮಾಡಬಲ್ಲ? ನಮ್ಮ ಮಹಾನಗರ ಪಾಲಿಕೆಗಳಲ್ಲಿ ಬಹುಕಾಲ ಕಂಡ ಮೇಯರ್ ಎಂದರೆ, ಸದಸ್ಯರು ತಮ್ಮೊಳಗೇ ಆರಿಸಿ ಒಂದು ವರ್ಷ ಗೌನು ತೊಡಿಸಿ ಕೂರಿಸುವವರು. ಕೆಲಸದ ಹಗ್ಗ ಆಯುಕ್ತರ ಕೈಯಲ್ಲಿ. ಕೊಲಂಬಿಯಾದ ವ್ಯವಸ್ಥೆ ಬೇರೆ. 1988ರಿಂದ ಅಲ್ಲಿ ಮೇಯರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ಅಧಿಕಾರಿಗಳ ತಂಡ ಅವರದೇ, ಆಯವ್ಯಯ ಅವರದೇ. 2004ರಿಂದ ಅವಧಿ ನಾಲ್ಕು ವರ್ಷ. ಆದರೆ ಬೆನ್ನಿಗೇ ಮತ್ತೊಂದು ಅವಧಿಗೆ ನಿಲ್ಲುವಂತಿಲ್ಲ.

2003ರ ಚುನಾವಣೆಯಲ್ಲಿ ಗೆದ್ದವರು ಸೆರ್ಹಿಯೊ ಫಹಾರ್ದೊ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ಮೇಷ್ಟ್ರು. ಹಳೆಯ ಪಕ್ಷಗಳ ಹಂಗಿಲ್ಲದೆ, ಗೆಳೆಯರೊಂದಿಗೆ ಸೇರಿ 1999ರಲ್ಲಿ ಒಂದು ನಾಗರಿಕ ವೇದಿಕೆ ಕಟ್ಟಿ, ಒಮ್ಮೆ ಸೋತು, ಬೀದಿಬೀದಿ ನಡೆದು ಕರಪತ್ರ ಹಂಚಿ ಗೆದ್ದವರು. ಅವರ ಲೆಕ್ಕ ಸರಳವಾಗಿತ್ತು. ನಗರದ ಅತ್ಯಂತ ಸುಂದರ ಕಟ್ಟಡ ನಗರದ ಅತ್ಯಂತ ಬಡ ಕೇರಿಯಲ್ಲಿ ಇರಬೇಕು.

ಈ ಮಾತಿನ ಒಳಗುಟ್ಟು ಏನು? ಬಡವರಿಗೆ ಕೊಡುವಾಗ ಅಗ್ಗದ್ದು ಸಾಕು ಎನ್ನುವ ರೂಢಿ ಎಲ್ಲ ಊರಿನಲ್ಲೂ ಇದೆ. ತಗಡಿನ ಶಾಲೆ, ಸುಣ್ಣ ಕಾಣದ ಆಸ್ಪತ್ರೆ. ಅದನ್ನು ನೋಡುತ್ತ ಬೆಳೆಯುವ ಮಗು ತನ್ನ ಬೆಲೆ ಇಷ್ಟೇ ಎಂದು ತಿಳಿಯುತ್ತದೆ. ಫಹಾರ್ದೊ ಈ ರೂಢಿಯನ್ನು ತಲೆಕೆಳಗು ಮಾಡಿದರು. ಅವರ ನಾಲ್ಕು ವರ್ಷದಲ್ಲಿ ಕಷ್ಟದ ಕೇರಿಗಳನ್ನೇ ಆರಿಸಿ ಐದು 'ಗ್ರಂಥಾಲಯ ಉದ್ಯಾನ'ಗಳನ್ನು ಕಟ್ಟುವ ಕೆಲಸ ನಡೆಯಿತು. ಪುಸ್ತಕ, ಕಂಪ್ಯೂಟರ್, ಸಭಾಂಗಣ, ಮಕ್ಕಳ ಆಟದ ಜಾಗ, ಸುತ್ತ ತೆರೆದ ಬಯಲು. ಒಂದು ಎದ್ದದ್ದು ಹಳೆಯ ಜೈಲಿದ್ದ ಜಾಗದಲ್ಲಿ. ಇನ್ನೊಂದು ಸಾಂತೊ ದೊಮಿಂಗೊ ಎಂಬ ಕೇರಿಯ ನೆತ್ತಿಯಲ್ಲಿ. ಮೂರು ಕಪ್ಪು ಬಂಡೆಗಳಂತೆ ಕಾಣುವ ಆ ಕಟ್ಟಡ 2007ರಲ್ಲಿ ಉದ್ಘಾಟನೆಯಾದಾಗ ಸ್ಪೇನಿನ ದೊರೆ ಮತ್ತು ರಾಣಿ ಬಂದಿದ್ದರು. ಕೆಲವೇ ವರ್ಷ ಹಿಂದೆ ಪೊಲೀಸರೂ ಹತ್ತಲು ಹಿಂಜರಿಯುತ್ತಿದ್ದ ಗುಡ್ಡ ಅದು.

ಆ ನೆತ್ತಿಗೆ ಹತ್ತುವ ದಾರಿ ಹಿಂದಿನ ಮೇಯರ್ ಕಾಲದಲ್ಲಿ ಶುರುವಾಗಿತ್ತು. ತಂತಿಯ ಮೇಲೆ ತೂಗುತ್ತ ಹೋಗುವ ತೊಟ್ಟಿಲ ಸಾಲು, ಮೆತ್ರೊಕಾಬ್ಲೆ. 2004ರಲ್ಲಿ ಓಡತೊಡಗಿತು. ಪ್ರವಾಸಿಗರಿಗೆಂದು ರೋಪ್‌ವೇ ಮಾಡಿದ ಊರು ಬಹಳ. ಕೂಲಿಗೆ ಹೋಗುವವರಿಗೆ, ಕಾಲೇಜಿಗೆ ಹೋಗುವವರಿಗೆ, ಮೆಟ್ರೊ ರೈಲಿಗೆ ಜೋಡಿಸಿ ದಿನನಿತ್ಯದ ಸಾರಿಗೆಯಾಗಿ ಮಾಡಿದ್ದು ಇಲ್ಲಿಯ ವಿಶೇಷ. ಹಿಂದಿನವರು ಹಾಕಿದ ಅಡಿಪಾಯವನ್ನು ಹೊಸ ಮೇಯರ್ ಕೀಳಲಿಲ್ಲ. ಅದರ ಕಂಬಗಳ ಕೆಳಗೇ ಬೀದಿ, ಸೇತುವೆ, ಶಾಲೆ ಕಟ್ಟಿಸಿದರು.

ಇನ್ನು ಸಹಭಾಗಿತ್ವದ ಮಾತು. ಅದಕ್ಕೆ ಮೂರು ಕೈಗಳಿದ್ದವು.

ಮೊದಲನೆಯದು ದುಡ್ಡಿನ ಕೈ. ಮೆದೆಯಿನ್ ನಗರಕ್ಕೆ 1955ರಿಂದ ತನ್ನದೇ ಆದ ಒಂದು ಕಂಪನಿ ಇದೆ. ಇ.ಪಿ.ಎಂ. ಎಂದು ಹೆಸರು. ವಿದ್ಯುತ್ತು, ನೀರು, ಅಡುಗೆ ಅನಿಲ ಪೂರೈಸುವ ಈ ಕಂಪನಿ ಲಾಭ ಮಾಡುತ್ತದೆ, ಆ ಲಾಭದ ದೊಡ್ಡ ಪಾಲನ್ನು ನಗರಕ್ಕೆ ಒಪ್ಪಿಸುತ್ತದೆ. ಕರೆಂಟಿನ ಬಿಲ್ಲಿನ ಹಣ ಸುತ್ತಿ ಬಂದು ಗ್ರಂಥಾಲಯವಾಗುತ್ತದೆ. ಜೊತೆಗೆ ಖಾಸಗಿ ಮಾಲೀಕರು ಸಂಬಳದ ಮೊತ್ತದ ಶೇಕಡಾ 4ರಷ್ಟು ವಂತಿಗೆ ಕಟ್ಟುವ ಕುಟುಂಬ ಕಲ್ಯಾಣ ಸಂಸ್ಥೆಗಳು ಕೊಲಂಬಿಯಾದಲ್ಲಿವೆ. ಕೆಲವು ಗ್ರಂಥಾಲಯಗಳನ್ನು ದಿನದಿನ ನಡೆಸುವ ಹೊಣೆಯನ್ನು ಅವು ಹೊತ್ತವು.

ಎರಡನೆಯದು ಕೇರಿಯ ಕೈ. ವಾಸ್ತುಶಿಲ್ಪಿಗಳು ಕೇರಿಗೆ ಹೋಗಿ ಜನರನ್ನು ಕೂರಿಸಿ, ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟು, ನಿಮ್ಮ ಬೀದಿ ಹೇಗಿರಬೇಕು, ಬರೆದು ತೋರಿಸಿ ಎಂದರು. 1958ರ ಕಾನೂನಿನಿಂದ ಹುಟ್ಟಿದ ನೆರೆಹೊರೆಯ ಸಮಿತಿಗಳು ಪ್ರತಿ ಕೇರಿಯಲ್ಲೂ ಇದ್ದವು. ಸಣ್ಣಪುಟ್ಟ ಕಾಮಗಾರಿ ಅವಕ್ಕೇ ಸಿಕ್ಕಿತು. ಆಯವ್ಯಯದ ಒಂದು ಸಣ್ಣ ಪಾಲನ್ನು ಕೇರಿಯ ಸಭೆಗಳೇ ತೀರ್ಮಾನಿಸುವ ಪದ್ಧತಿಯೂ 2004ರಲ್ಲಿ ಬಂತು. ಬ್ರೆಜಿಲಿನ ಪೋರ್ತೊ ಅಲೆಗ್ರೆ ನಗರ 1989ರಲ್ಲಿ ಹಾಕಿದ ಮೇಲ್ಪಂಕ್ತಿ ಅದು. ಎಷ್ಟೋ ಸಭೆಗಳು ಚರಂಡಿ, ರಸ್ತೆಯ ಜೊತೆಗೆ ತಮ್ಮ ಮಕ್ಕಳ ಕಾಲೇಜು ಶುಲ್ಕಕ್ಕೆ ವಿದ್ಯಾರ್ಥಿವೇತನ ಕೇಳಿದವು. ತನ್ನ ಬೀದಿಯ ಕಲ್ಲಿಗಿಂತ ಪಕ್ಕದ ಮನೆಯ ಹುಡುಗಿಯ ಓದು ಮುಖ್ಯ ಎಂದು ಒಂದು ಸಭೆ ಕೈ ಎತ್ತುವುದಿದೆಯಲ್ಲ, ಅದೇ ಬಿತ್ತನೆಗೆ ತೆನೆ ಎತ್ತಿಡುವುದು.

ಮೂರನೆಯದು ಹುಡುಗರದೇ ಕೈ. 1996ರಿಂದ ನಗರದ ಬಡಾವಣೆಗಳಲ್ಲಿ ಸಂಗೀತ ಶಾಲೆಗಳ ಜಾಲ ಹಬ್ಬಿತು, ಆಂತಿಯೋಕಿಯಾ ವಿಶ್ವವಿದ್ಯಾಲಯ ಅದಕ್ಕೆ ಹೆಗಲು ಕೊಟ್ಟಿತು. ಇಂದು ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಲ್ಲಿ ಮಕ್ಕಳು ಪಿಟೀಲು, ಕೊಳಲು, ಕಹಳೆ ಕಲಿಯುತ್ತಾರೆ. ನಗರಾಡಳಿತ 13ನೇ ವಿಭಾಗ ಎಂದು ಕರೆಯುವ ಬೆಟ್ಟದ ಕೇರಿಗಳ ಹುಡುಗರು ಯಾರೂ ಹೇಳದೆಯೇ ಹಿಪ್‌ಹಾಪ್ ಹಾಡಿದರು, ಗೋಡೆಗೆ ಬಣ್ಣ ಬಳಿದರು. 2011ರ ಡಿಸೆಂಬರ್‌ನಲ್ಲಿ, ಮೇಯರ್ ಸಲಸಾರ್ ಅವಧಿಯ ಕೊನೆಯಲ್ಲಿ, ಅದೇ ವಿಭಾಗದ ಕಡಿದಾದ ಏರಿಗೆ 384 ಮೀಟರ್ ಉದ್ದದ, ಬಯಲಿನಲ್ಲೇ ಓಡುವ ಎಸ್ಕಲೇಟರ್ ಬಂತು. ಇವತ್ತು ಪ್ರವಾಸಿಗರು ಅಲ್ಲಿಗೆ ಹೋಗುವುದು ಆ ಹುಡುಗರ ಚಿತ್ರ ನೋಡಲು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಅಜ್ಜಿಕಥೆ ಆದೀತು. ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು.

ಕೊಲೆಗಳು ಇಳಿದದ್ದು ನಿಜ. 2007ರ ಹೊತ್ತಿಗೆ ಲಕ್ಷಕ್ಕೆ 40ಕ್ಕಿಂತ ಕೆಳಗೆ ಬಂದವು. ಆದರೆ ಗ್ರಂಥಾಲಯ ಒಂದೇ ಅದಕ್ಕೆ ಕಾರಣವಲ್ಲ. 2002ರ ಅಕ್ಟೋಬರಿನಲ್ಲಿ ಸೈನ್ಯ 13ನೇ ವಿಭಾಗಕ್ಕೆ ನುಗ್ಗಿತ್ತು. ಆ ದಿನಗಳಲ್ಲಿ ಕಾಣೆಯಾದ ಮಕ್ಕಳನ್ನು ಎದುರಿನ ಕಲ್ಲುಮಣ್ಣಿನ ರಾಶಿಯಲ್ಲಿ ಹೂಳಲಾಗಿದೆ ಎಂದು ತಾಯಂದಿರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳುತ್ತಲೇ ಇದ್ದರು. 2024ರ ಡಿಸೆಂಬರ್‌ನಲ್ಲಿ ಅಗೆದಾಗ ಮನುಷ್ಯರ ಎಲುಬು ಸಿಕ್ಕವು. 2003ರ ನವೆಂಬರ್‌ನಲ್ಲಿ ಖಾಸಗಿ ಸಶಸ್ತ್ರ ಗುಂಪೊಂದರ ಎಂಟುನೂರಕ್ಕೂ ಹೆಚ್ಚು ಜನ ಆಯುಧ ಒಪ್ಪಿಸಿದರು. ಆದರೂ ದೊನ್ ಬೆರ್ನಾ ಎಂಬ ಅದರ ನಾಯಕನ ಹಿಡಿತ ಊರಿನ ಮೇಲೆ ಉಳಿದಿತ್ತು. ಎಲ್ಲ ಗ್ಯಾಂಗುಗಳಿಗೂ ಒಬ್ಬನೇ ಯಜಮಾನನಾದಾಗ ಗುಂಡಿನ ಸದ್ದು ತಾನಾಗಿ ಕಡಿಮೆಯಾಗುತ್ತದೆ. 2008ರ ಮೇ ತಿಂಗಳಲ್ಲಿ ಅವನನ್ನು ಅಮೆರಿಕಕ್ಕೆ ಹಸ್ತಾಂತರಿಸಿದ ಮೇಲೆ ಗ್ಯಾಂಗುಗಳು ಮತ್ತೆ ಬಡಿದಾಡಿದವು. 2009ರಲ್ಲಿ ಕೊಲೆಗಳ ಸಂಖ್ಯೆ ಎರಡು ಸಾವಿರ ದಾಟಿತು. ಕೇರಿಯ ಸಭೆಗಳಿಗೆ ಕೊಟ್ಟ ಹಣದ ಮೇಲೂ ಕೆಲವು ಕಡೆ ಗ್ಯಾಂಗುಗಳ ಕಣ್ಣು ಬಿತ್ತು.

ಆ ಮೂರು ಕಪ್ಪು ಬಂಡೆಯ ಗ್ರಂಥಾಲಯದ ಗತಿಯೂ ಕೇಳಿ. ಹತ್ತು ವರ್ಷ ತುಂಬುವ ಮೊದಲೇ ಹೊರಗಿನ ಕಲ್ಲುಹೊದಿಕೆ ಕಿತ್ತು ಬಂತು. ದುರಸ್ತಿಗೆಂದು ಬಾಗಿಲು ಮುಚ್ಚಿದ ಕಟ್ಟಡ ವರ್ಷಗಟ್ಟಲೆ ಹಾಗೇ ನಿಂತಿತ್ತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಫೋಟೊ ಬಂದ ಕಟ್ಟಡದ ಬಾಗಿಲ ಮುಂದೆ ಕೇರಿಯ ಮಕ್ಕಳು ಬಂದು ಹಿಂತಿರುಗಿದರು.

ಯುವಜನರಿಗೆ ಅಧಿಕಾರ ಕೊಡುವ ಇನ್ನೊಂದು ಪ್ರಯತ್ನವೂ ಇಂಥದೇ ಪಾಠ ಹೇಳುತ್ತದೆ. 2021ರ ಡಿಸೆಂಬರ್ 5ರಂದು ಇಡೀ ಕೊಲಂಬಿಯಾದಲ್ಲಿ 14ರಿಂದ 28ರ ವಯಸ್ಸಿನವರು ಮತ ಹಾಕಿ ಊರೂರಿಗೆ ಯುವ ಮಂಡಳಿಗಳನ್ನು ಆರಿಸಿದರು. ಹದಿನಾಲ್ಕರ ಹುಡುಗಿಗೆ ಮತದಾನದ ಹಕ್ಕು! ಆದರೆ ಮತಗಟ್ಟೆಗೆ ಬಂದವರು ಹತ್ತರಲ್ಲಿ ಸುಮಾರು ಒಬ್ಬರು. ಮಂಡಳಿ ಸಲಹೆ ಕೊಡಬಹುದು, ದುಡ್ಡಿನ ಬೀಗದ ಕೈ ಅದರ ಬಳಿ ಇಲ್ಲ ಎಂಬುದು ಹುಡುಗರಿಗೆ ಅರ್ಥವಾಗದೆ ಇರುತ್ತದೆಯೇ? ಚರಂಡಿಯೋ ವಿದ್ಯಾರ್ಥಿವೇತನವೋ ಎಂದು ನಿಜವಾಗಿ ತೀರ್ಮಾನಿಸುವ ಸಭೆಗೆ ಜನ ಬರುತ್ತಾರೆ. ಬರೀ ಫೋಟೊಗೆ ಕರೆಯುವ ಸಭೆಗೆ ಬರುವುದಿಲ್ಲ.

ರೈತರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು, ಬಿತ್ತನೆ ಬೀಜವನ್ನು ಎತ್ತಿಟ್ಟರಷ್ಟೇ ಸಾಲದು. ಬೂದಿ ಬೆರೆಸಬೇಕು, ಬೇವಿನ ಸೊಪ್ಪು ಹಾಕಬೇಕು, ಆಗಾಗ ಹೊರತೆಗೆದು ಬಿಸಿಲಿಗೆ ಹರಡಬೇಕು. ಇಲ್ಲದಿದ್ದರೆ ಹುಳ ಹಿಡಿದು ಟೊಳ್ಳಾಗುತ್ತದೆ. ಮೇಯರ್ ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾರೆ. ರಿಬ್ಬನ್ ಕತ್ತರಿಸಿದ ದೊರೆ ತನ್ನ ಊರಿಗೆ ಹೋಗುತ್ತಾನೆ. ಬೀಜ ಬಿಸಿಲಿಗೆ ಹಾಕುವ ಕೆಲಸ ಉಳಿಯುವುದು ಕೇರಿಯವರಿಗೆ, ಭಾನುವಾರ ಗಾರೆ ಕಲಸಿ ಮೆಟ್ಟಿಲು ಕಟ್ಟಿದ ಅದೇ ಜನರಿಗೆ. ಅವರ ಕೈಗೆ ಕೀಲಿಯನ್ನೂ ಲೆಕ್ಕದ ಪುಸ್ತಕವನ್ನೂ ಕೊಟ್ಟು ಹೋದ ಮೇಯರ್ ಏನಾದರೂ ಉಳಿಸಿಹೋದಂತೆ.